ಬಾಯಿ ಕಟ್ಟುವ ಉಪದೇಶ ಸಾಕು

ತೂಕ ಹೆಚ್ಚಿದವರಿಗೆ ನಮ್ಮ ಸಮಾಜ ಕೊಡುವ ಸಲಹೆ ಒಂದೇ: ಬಾಯಿ ಕಟ್ಟಿ, ಮೈ ಬಗ್ಗಿಸಿ. ಮದುವೆ ಮನೆಯಲ್ಲಿ ಸಿಕ್ಕ ಸೋದರತ್ತೆಯಿಂದ ಹಿಡಿದು, ಎರಡು ನಿಮಿಷದಲ್ಲಿ ಬಿ.ಪಿ. ನೋಡಿ ಚೀಟಿ ಬರೆದುಕೊಡುವ ವೈದ್ಯರವರೆಗೆ ಎಲ್ಲರ ಬಾಯಲ್ಲೂ ಇದೇ ಮಾತು. ಜಿಮ್ಮಿನ ಜಾಹೀರಾತು ಹೇಳುವುದೂ ಇದನ್ನೇ. 2025ರ ಫೆಬ್ರವರಿಯ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಬೊಜ್ಜಿನ ಬಗ್ಗೆ ಮಾತನಾಡಿ, ಅಡುಗೆ ಎಣ್ಣೆಯನ್ನು ತಿಂಗಳಿಗೆ ಶೇಕಡಾ 10ರಷ್ಟು ಕಡಿಮೆ ಬಳಸಿ ಎಂದು ಜನರಿಗೆ ಕರೆಕೊಟ್ಟರು. ಕರೆಯಲ್ಲಿ ತಪ್ಪೇನಿಲ್ಲ, ಎಣ್ಣೆ ಕಡಿಮೆಯಾದರೆ ಒಳ್ಳೆಯದೇ. ತಪ್ಪಿರುವುದು ಇಂಥ ಸಲಹೆಗಳ ತಳದಲ್ಲಿ ಕೂತಿರುವ ನಂಬಿಕೆಯಲ್ಲಿ. ತೂಕ ಎನ್ನುವುದು ಮನೋಬಲದ ಅಳತೆ, ಇಳಿಸಿದವರು ಗಟ್ಟಿಗರು, ಇಳಿಸಲಾಗದವರು ಸೋಮಾರಿಗಳು ಅಥವಾ ಬಾಯಿಚಪಲದವರು ಎಂಬುದು ಆ ನಂಬಿಕೆ. ವಿದ್ಯಾವಂತರೂ ಅವಿದ್ಯಾವಂತರೂ ಇದನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ. ದಪ್ಪಗಿರುವವರಂತೂ ಎಲ್ಲರಿಗಿಂತ ಹೆಚ್ಚಾಗಿ ಒಪ್ಪಿಕೊಂಡು ತಮ್ಮನ್ನು ತಾವೇ ಶಪಿಸಿಕೊಳ್ಳುತ್ತಿದ್ದಾರೆ. ಈ ನಂಬಿಕೆ ಸುಳ್ಳು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಊಟದಲ್ಲಿ ಮತ್ತು ಓಡಾಟದಲ್ಲಿ ಒಳ್ಳೆಯ ರೂಢಿಗಳು ನೆಲೆಯೂರದಂತೆ ತಡೆಯುತ್ತಿರುವುದೂ ಇದೇ ನಂಬಿಕೆ.

ಮೊದಲು ನಮ್ಮ ರಾಜ್ಯದ ಲೆಕ್ಕವನ್ನೇ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತು ನಡೆದದ್ದು 2015-16ರಲ್ಲಿ. ಆಗ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಅತಿತೂಕದವರು ನೂರಕ್ಕೆ ಸುಮಾರು 23, ಗಂಡಸರಲ್ಲಿ ಸುಮಾರು 22. ಐದನೆಯ ಸುತ್ತು 2019ರಿಂದ 2021ರವರೆಗೆ ನಡೆಯಿತು. ಅಷ್ಟರಲ್ಲಿ ಹೆಂಗಸರ ಪ್ರಮಾಣ 30ಕ್ಕೂ ಗಂಡಸರ ಪ್ರಮಾಣ 31ರ ಹತ್ತಿರಕ್ಕೂ ಏರಿತ್ತು. ತೂಕ ಮನೋಬಲದ ಅಳತೆ ಎನ್ನುವವರು ಈ ಏರಿಕೆಗೆ ಉತ್ತರ ಕೊಡಬೇಕು. ನಾಲ್ಕೈದು ವರ್ಷದಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಲಕ್ಷಾಂತರ ಜನರ ಮನಸ್ಸು ಒಟ್ಟೊಟ್ಟಿಗೆ ದುರ್ಬಲವಾಯಿತೇ? ಅದೇ ಜನ ಅದೇ ವರ್ಷಗಳಲ್ಲಿ ಸಾಲ ತೀರಿಸಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಬೇರೆ ಎಲ್ಲದಕ್ಕೂ ಇದ್ದ ಮನೋಬಲ ತಟ್ಟೆಯ ಮುಂದೆ ಮಾತ್ರ ಕರಗಿಹೋಯಿತು ಎನ್ನುವುದು ನಂಬುವ ಮಾತಲ್ಲ. ಇಡೀ ರಾಜ್ಯ ಒಂದೇ ದಿಕ್ಕಿಗೆ ಸರಿದಿದೆ ಎಂದರೆ ಕಾರಣವನ್ನು ಒಬ್ಬೊಬ್ಬರ ಗುಣದಲ್ಲಲ್ಲ, ಎಲ್ಲರನ್ನೂ ಸುತ್ತುವರಿದಿರುವ ಬದುಕಿನಲ್ಲಿ ಹುಡುಕಬೇಕು.

ಅದಕ್ಕೂ ಮೊದಲು ದೇಹದ ಒಳಗಿನ ವ್ಯವಹಾರಕ್ಕೆ ಬರೋಣ. ಬಾಯಿ ಕಟ್ಟುವುದನ್ನು ಅತ್ಯಂತ ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ. ಯುರೋಪಿನಲ್ಲಿ ಹಸಿದವರನ್ನು ಮತ್ತೆ ಹೇಗೆ ಉಣ್ಣಿಸಿ ಚೇತರಿಸಬೇಕು ಎಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಆರಿಸಿಕೊಂಡರು. ಅವರೆಲ್ಲ ಯುದ್ಧದಲ್ಲಿ ಕೊಲ್ಲಲು ಒಪ್ಪದೆ, ಬದಲಿಗೆ ತಮ್ಮ ಮೈಯನ್ನೇ ಪ್ರಯೋಗಕ್ಕೆ ಒಡ್ಡಿಕೊಂಡವರು. ಮನೋಬಲದ ಕೊರತೆ ಇದ್ದವರೆಂದು ಅವರನ್ನು ಯಾರೂ ಕರೆಯಲಾರರು. 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲರಿ ಊಟ ಸಿಕ್ಕಿತು, ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ. ಇಂದು ನಮ್ಮ ಊರುಗಳಲ್ಲಿ ಡಯಟ್ ಚಾರ್ಟ್ ಬರೆದುಕೊಡುವವರು ಹೆಚ್ಚುಕಡಿಮೆ ಇದೇ ಲೆಕ್ಕವನ್ನು ಕಾಗದದ ಮೇಲೆ ಬರೆಯುತ್ತಾರೆ ಎಂಬುದನ್ನು ಗಮನಿಸಬೇಕು. ಆ ಯುವಕರು ತೂಕದ ಕಾಲುಭಾಗ ಕಳೆದುಕೊಂಡರು. ಜೊತೆಗೆ ಮೈ ತಣ್ಣಗಾಯಿತು, ಹೃದಯದ ಬಡಿತ ನಿಧಾನವಾಯಿತು, ಮನಸ್ಸು ಖಿನ್ನವಾಯಿತು, ಮಾತೆಲ್ಲ ಊಟದ ಸುತ್ತಲೇ ಸುತ್ತತೊಡಗಿತು. ಅಡುಗೆ ಪುಸ್ತಕ ಓದುವುದು, ತಟ್ಟೆ ನೆಕ್ಕುವುದು ದಿನಚರಿಯಾಯಿತು. ಪ್ರಯೋಗ ಮುಗಿದು ಹೊಟ್ಟೆ ತುಂಬ ಊಟ ಸಿಕ್ಕ ಮೇಲೂ ಹಲವರಿಗೆ ಹಸಿವು ತೀರಲಿಲ್ಲ. ಅವರೇನೂ ದಪ್ಪಗಿದ್ದವರಲ್ಲ, ಆ ಮಾತು ನಿಜ. ಆದರೆ ಊಟ ಕಡಿಮೆಯಾದಾಗ ದೇಹ ಸುಮ್ಮನಿರುವುದಿಲ್ಲ, ಖರ್ಚು ತಗ್ಗಿಸಿ ಹಸಿವು ಹೆಚ್ಚಿಸಿ ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹೊರಡುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತೆ ಕಂಡಿತು.

ದಪ್ಪಗಿರುವ ದೇಹವೂ ಹಾಗೆಯೇ ನಡೆದುಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಮುಂದೆ ಉತ್ತರ ಸಿಕ್ಕಿತು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಪತ್ತೆಹಚ್ಚಿತು. ಮೈಯಲ್ಲಿರುವ ಕೊಬ್ಬು ಎಷ್ಟಿದೆ ಎಂದು ಮಿದುಳಿಗೆ ತಿಳಿಸುವುದು ಇದರ ಕೆಲಸ. ಕೊಬ್ಬು ಕರಗಿದರೆ ಲೆಪ್ಟಿನ್ ತಗ್ಗುತ್ತದೆ, ಮಿದುಳು ಅದನ್ನು ಬರಗಾಲದ ಸುದ್ದಿಯೆಂದು ಓದಿಕೊಳ್ಳುತ್ತದೆ. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬೊಜ್ಜು ಇದ್ದ 50 ಜನರ ತೂಕವನ್ನು ಹತ್ತು ವಾರದಲ್ಲಿ ಇಳಿಸಿ, ಒಂದು ವರ್ಷ ಅವರ ರಕ್ತವನ್ನು ಪರೀಕ್ಷಿಸುತ್ತ ಹೋದರು. ವರ್ಷ ಕಳೆದ ಮೇಲೂ ಹಸಿವು ಹೆಚ್ಚಿಸುವ ಹಾರ್ಮೋನುಗಳು ಏರಿಯೇ ಇದ್ದವು, ತೃಪ್ತಿ ಕೊಡುವವು ಇಳಿದೇ ಇದ್ದವು. ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ಭಾರೀ ತೂಕ ಇಳಿಸಿಕೊಂಡ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಅವರ ದೇಹ ಸುಮ್ಮನೆ ಕೂತಾಗ ಖರ್ಚು ಮಾಡುತ್ತಿದ್ದ ಶಕ್ತಿ, ಆ ಗಾತ್ರದ ಇತರರಿಗಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಇತ್ತು. ಒಬ್ಬರನ್ನು ಬಿಟ್ಟು ಉಳಿದವರೆಲ್ಲರಿಗೂ ಕಳೆದ ತೂಕದಲ್ಲಿ ಒಂದಿಷ್ಟು ಮರಳಿ ಬಂದಿತ್ತು. ಲಕ್ಷಾಂತರ ಜನರ ಮುಂದೆ ಬೆವರು ಸುರಿಸಿ, ಬಹುಮಾನಕ್ಕಾಗಿ ಹಟ ಹಿಡಿದು ತೂಕ ಇಳಿಸಿದವರ ಕಥೆ ಇದು. ಮನೋಬಲವೇ ಸಾಕಾಗಿದ್ದರೆ ಅವರಿಗೆ ಸಾಕಾಗಬೇಕಿತ್ತು.

ಇನ್ನು ಹುಟ್ಟಿನಿಂದ ಬಂದದ್ದು. ಡೆನ್ಮಾರ್ಕಿನಲ್ಲಿ ದತ್ತು ಹೋದ 540 ಮಕ್ಕಳು ದೊಡ್ಡವರಾದ ಮೇಲೆ ಅವರ ಮೈಕಟ್ಟನ್ನು ಹೆತ್ತವರ ಮತ್ತು ಸಾಕಿದವರ ಮೈಕಟ್ಟಿನೊಂದಿಗೆ ಹೋಲಿಸಿ ನೋಡಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಮಕ್ಕಳು ಹೆತ್ತವರನ್ನು ಹೋಲುತ್ತಿದ್ದರು, ಯಾರ ಮನೆಯಲ್ಲಿ ಉಂಡು ಬೆಳೆದರೋ ಅವರನ್ನಲ್ಲ. ನಮ್ಮ ನಾಡಿನಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟ ದಾಖಲೆಗಳು ಉಳಿದುಕೊಂಡಿದ್ದವು. ಆ ಕೂಸುಗಳು ನಡುವಯಸ್ಸಿಗೆ ಬಂದ ಮೇಲೆ ಸಂಶೋಧಕರು 517 ಜನರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋ ಇನ್ನೂರು ಗ್ರಾಮಿಗಿಂತ ಹೆಚ್ಚು ತೂಗಿದವರಲ್ಲಿ ಅದು ನೂರಕ್ಕೆ 3. ಅಂದರೆ ತಾಯಿಯ ಗರ್ಭದಲ್ಲಿದ್ದಾಗ ಸಿಕ್ಕ ಪೋಷಣೆಯ ಬಾಕಿಯನ್ನು ಮಗು ಐವತ್ತನೇ ವಯಸ್ಸಿನಲ್ಲಿ ತೀರಿಸುತ್ತಿದೆ. ಕಣ್ಣಿಗೆ ಕಾಣದ ಕೊಬ್ಬಿನ ಕಥೆ ಇನ್ನೊಂದು. ಸಂಶೋಧಕರಾದ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇಬ್ಬರ ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದೇ ಇತ್ತು, 22.3. ಆದರೆ ಮೈಯ ಕೊಬ್ಬು ಯುಡ್ಕಿನ್ನರಿಗೆ ಶೇಕಡಾ 9.1, ಯಾಜ್ಞಿಕರಿಗೆ ಶೇಕಡಾ 21.2. ಇಬ್ಬರ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು 2004ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು. ಭಾರತೀಯರಿಗೆ ಬಿ.ಎಂ.ಐ. 25ರ ಬದಲು 23ಕ್ಕೇ ಅತಿತೂಕ ಎಂದು ವೈದ್ಯರು ಎಣಿಸುವುದು ಇಂಥ ಕಾರಣಗಳಿಂದಲೇ. ತೆಳ್ಳಗಿದ್ದೂ ಸಕ್ಕರೆ ಕಾಯಿಲೆ ಬಂದವರು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರನ್ನು ಯಾರೂ ಬಾಯಿಚಪಲದವರೆಂದು ಬೈಯುವುದಿಲ್ಲ. ಕಣ್ಣಿಗೆ ಕಾಣುವ ಗಾತ್ರದಿಂದ ಒಬ್ಬರ ಶಿಸ್ತನ್ನಾಗಲಿ ಆರೋಗ್ಯವನ್ನಾಗಲಿ ಅಳೆಯಲು ಹೊರಟರೆ ಎರಡೂ ಕಡೆ ತಪ್ಪುತ್ತೇವೆ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ಗರ್ಭ, ವಂಶ, ಹಾರ್ಮೋನು ಎಲ್ಲವೂ ಐವತ್ತು ವರ್ಷದ ಹಿಂದೆಯೂ ಇದ್ದವು, ಆಗ ಜನ ಇಷ್ಟು ದಪ್ಪಗಿರಲಿಲ್ಲ. ಎಷ್ಟೇ ಆಗಲಿ, ಖರ್ಚಿಗಿಂತ ಹೆಚ್ಚು ಉಂಡರೆ ತಾನೆ ತೂಕ ಏರುವುದು? ಹಾಗಾದರೆ ಕಡಿಮೆ ಉಣ್ಣುವುದೇ ಪರಿಹಾರವಲ್ಲವೇ? ಶಕ್ತಿಯ ಲೆಕ್ಕ ಸರಿ. ಆದರೆ ಹೆಚ್ಚು ಉಣ್ಣುತ್ತಾರೆ ಎನ್ನುವುದು ನಡೆದದ್ದನ್ನು ಹೇಳುತ್ತದೆ, ಏಕೆ ನಡೆಯಿತು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಉತ್ತರ ಸಿಗುವುದು ತಟ್ಟೆಯಲ್ಲಿ ಏನಿದೆ ಎಂಬುದರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ನಾಲ್ಕು ವಾರ ಒಳಗೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಮನೆಯಡುಗೆಯಂಥ ಆಹಾರವನ್ನೂ ಬಡಿಸಿತು. ಎರಡರಲ್ಲೂ ಮುಂದಿಟ್ಟ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು ಸಮ. ಬೇಕಾದಷ್ಟು ತಿನ್ನಿ ಎಂದಷ್ಟೇ ಹೇಳಲಾಗಿತ್ತು. ಸಂಸ್ಕರಿಸಿದ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದು ಒಂದು ಕಿಲೋದಷ್ಟು ಏರಿದರು, ಇನ್ನೆರಡು ವಾರದಲ್ಲಿ ಅಷ್ಟೇ ಇಳಿದರು. 2019ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಜನ ಅವರೇ, ಅವರ ಮನೋಬಲವೂ ಅದೇ. ಬದಲಾದದ್ದು ಊಟ ಮಾತ್ರ. ನಮ್ಮಲ್ಲಿ ಮೂವತ್ತು ವರ್ಷದಲ್ಲಿ ಆದದ್ದೂ ಇದೇ. ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಚಿಪ್ಸಿನ ಪೊಟ್ಟಣಗಳ ಸರ ತೂಗುತ್ತಿದೆ, ಬೀದಿಗೆರಡು ಬೇಕರಿ ಬಂದಿವೆ, ಅಗ್ಗದ ತಾಳೆ ಎಣ್ಣೆ ಹಡಗುಗಟ್ಟಲೆ ಇಳಿದಿದೆ, ಮೊಬೈಲಿನಲ್ಲಿ ಬೆರಳೊತ್ತಿದರೆ ನಡುರಾತ್ರಿಯಲ್ಲೂ ಬಿರಿಯಾನಿ ಬಾಗಿಲಿಗೆ ಬರುತ್ತದೆ. ಇದರ ಜೊತೆ ನಿದ್ದೆಯೂ ಕೆಟ್ಟಿದೆ. 2004ರ ಒಂದು ಪ್ರಯೋಗದಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟಾಗ, ಹತ್ತು ಗಂಟೆ ಮಲಗಿದ ದಿನಗಳಿಗೆ ಹೋಲಿಸಿದರೆ, ಹಸಿವು ಹೆಚ್ಚಿಸುವ ಗ್ರೆಲಿನ್ ಶೇಕಡಾ 28 ಏರಿತು, ಲೆಪ್ಟಿನ್ ಶೇಕಡಾ 18 ಇಳಿಯಿತು. ರಾತ್ರಿಪಾಳಿ ಮುಗಿಸಿ ಬೆಳಗಿನ ಜಾವ ಮನೆ ಸೇರುವ ಬೆಂಗಳೂರಿನ ಕಾಲ್ ಸೆಂಟರ್ ಹುಡುಗನಿಗೆ ಸಿಹಿ, ಕರಿದ ತಿಂಡಿ ಬೇಕೆನಿಸಿದರೆ ಅದನ್ನು ಚಪಲ ಎಂದು ಕರೆಯುವುದು ಅನ್ಯಾಯ.

ಮನೋಬಲದ ನಂಬಿಕೆಯ ಮಗ್ಗುಲಲ್ಲೇ ಇನ್ನೊಂದು ನಂಬಿಕೆ ಬೆಳೆದಿದೆ. ಒಂದು ಧಾನ್ಯವನ್ನು ಪಾಪಿಯೆಂದೂ ಇನ್ನೊಂದನ್ನು ಪುಣ್ಯವಂತನೆಂದೂ ವಿಂಗಡಿಸುವುದು ಅದರ ರೀತಿ. ಅನ್ನ ಬಿಟ್ಟು ರಾತ್ರಿ ಚಪಾತಿ ತಿಂದರೆ ತೂಕ ಇಳಿಯುತ್ತದೆ, ರಾಗಿ, ನವಣೆ, ಸಾಮೆಗೆ ಬದಲಾದರೆ ಕಾಯಿಲೆಯೇ ಓಡಿಹೋಗುತ್ತದೆ ಎಂಬ ಮಾತನ್ನು ಮೈಸೂರು, ಮಂಡ್ಯ, ಬೆಂಗಳೂರಿನ ಮನೆಮನೆಯಲ್ಲೂ ಕೇಳಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕದಲ್ಲಿ ನೂರು ಗ್ರಾಂ ಅಕ್ಕಿಗೆ ಸುಮಾರು 356 ಕ್ಯಾಲರಿ, ರಾಗಿಗೂ ಗೋಧಿ ಹಿಟ್ಟಿಗೂ ಸುಮಾರು 320. ವ್ಯತ್ಯಾಸ ಇಷ್ಟೇ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ತುಂಬ ಹೆಚ್ಚು, ಅದು ಒಳ್ಳೆಯ ಧಾನ್ಯ ಎಂಬುದರಲ್ಲಿ ಸಂಶಯ ಬೇಡ. ಆದರೆ ಒಂದು ಬಟ್ಟಲು ಅನ್ನದ ಜಾಗಕ್ಕೆ ಎಣ್ಣೆ ಸವರಿದ ನಾಲ್ಕು ಚಪಾತಿ ಬಂದರೆ ತೂಕ ಇಳಿಯುವುದಿಲ್ಲ, ಏರಲೂಬಹುದು. ನಮ್ಮ ತಟ್ಟೆಯ ತೊಂದರೆ ಅಕ್ಕಿಯೋ ರಾಗಿಯೋ ಎಂಬುದರಲ್ಲಿಲ್ಲ, ಧಾನ್ಯವೇ ತಟ್ಟೆಯನ್ನು ಆಕ್ರಮಿಸಿಕೊಂಡಿರುವುದರಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2025ರಲ್ಲಿ ಹೇಳಿದ್ದು ಇದನ್ನೇ: ಭಾರತೀಯರು ಒಟ್ಟು ಶಕ್ತಿಯ ನೂರಕ್ಕೆ 62 ಭಾಗವನ್ನು ಪಿಷ್ಟ ಸಕ್ಕರೆಗಳಿಂದಲೇ ಪಡೆಯುತ್ತಾರೆ, ಪ್ರೋಟೀನಿನಿಂದ ಬರುವುದು 12 ಮಾತ್ರ. ಪಾಲಿಶ್ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಂದಮಾತ್ರಕ್ಕೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗುವುದು ಕಾಣಲಿಲ್ಲ. ಒಟ್ಟು ಧಾನ್ಯದ ಪಾಲು ಇಳಿದು ಬೇಳೆಕಾಳು, ಹಾಲು ಮೊಸರಿನ ಪಾಲು ಏರಿದಲ್ಲಿ ಅಪಾಯ ಕಡಿಮೆ ಇತ್ತು. ಮುದ್ದೆಯ ಗಾತ್ರ ಅರ್ಧವಾಗಿ, ಬಸ್ಸಾರಿನಲ್ಲಿ ಕಾಳು ಸೊಪ್ಪು ಎರಡರಷ್ಟಾಗಿ, ಸಂಜೆ ಬಜ್ಜಿಯ ಜಾಗದಲ್ಲಿ ಹುರುಳಿಯ ಗುಗ್ಗರಿಯೋ ಹೆಸರುಕಾಳಿನ ಉಸಲಿಯೋ ಬಂದರೆ ಅದು ನಿಜವಾದ ಬದಲಾವಣೆ. ಇದಕ್ಕೆ ದುಬಾರಿ ಪುಡಿ ಡಬ್ಬಿಗಳೂ ಬೇಡ, ಹೊರಗಿನ ಅಡುಗೆಯೂ ಬೇಡ. ಆದರೆ ಕಾಳು ನೆನೆಹಾಕಲು ಹಿಂದಿನ ರಾತ್ರಿ ಒಬ್ಬರಿಗೆ ನೆನಪಿರಬೇಕು, ಸೊಪ್ಪು ಸೋಸಲು ಒಬ್ಬರಿಗೆ ಸಮಯವಿರಬೇಕು. ಈ ಶ್ರಮ ಯಾರದ್ದು ಎಂಬ ಪ್ರಶ್ನೆಯನ್ನು ಆಹಾರದ ಸಲಹೆ ಕೊಡುವವರು ಎತ್ತುವುದೇ ಇಲ್ಲ.

ವ್ಯಾಯಾಮದ ಮಾತಿನಲ್ಲೂ ಇದೇ ಗೊಂದಲ. ಬೆವರು ಹರಿಸಿದಷ್ಟೂ ಕೊಬ್ಬು ಕರಗುತ್ತದೆ ಎಂದು ಜನರಿಗೆ ಹೇಳಿಕೊಡಲಾಗಿದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಅಡಗಿದೆ. 70 ಕಿಲೋ ತೂಗುವವರು ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 250. ತಿಂಗಳು ಪೂರ್ತಿ ದಿನವೂ ನಡೆದರೂ, ಊಟ ಒಂದು ತುತ್ತೂ ಹೆಚ್ಚಾಗದಿದ್ದರೆ, ಒಂದು ಕಿಲೋ ಇಳಿಯಬಹುದು. ಹಸಿವೂ ಹೆಚ್ಚುವುದರಿಂದ ಅಷ್ಟೂ ಇಳಿಯುವುದಿಲ್ಲ. ತೂಕದ ಯಂತ್ರವನ್ನು ಗುರಿಯಾಗಿಟ್ಟುಕೊಂಡು ಜನವರಿಯಲ್ಲಿ ಜಿಮ್ ಸೇರಿದವರು ಮಾರ್ಚ್ ಹೊತ್ತಿಗೆ ಬಿಡುವುದು ಈ ನಿರಾಸೆಯಿಂದ. ನಡೆದದ್ದಕ್ಕೆ ಸಿಕ್ಕ ನಿಜವಾದ ಲಾಭವನ್ನು ಅವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ದಿನವಿಡೀ ಕೂತಿರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು ಸಂಶೋಧಕ ಜೆರಿ ಮಾರಿಸ್ 1953ರಲ್ಲೇ ತೋರಿಸಿದ್ದರು. ಆ ಕಂಡಕ್ಟರುಗಳು ಯಾವ ವ್ರತವನ್ನೂ ಹಿಡಿದಿರಲಿಲ್ಲ, ಕೆಲಸವೇ ಅವರನ್ನು ಓಡಾಡಿಸುತ್ತಿತ್ತು. ಇನ್ನೂ ಹತ್ತಿರದ ಸಾಕ್ಷ್ಯ ಚೆನ್ನೈನದು. ಡಾ. ಎ. ರಾಮಚಂದ್ರನ್ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಮೂರು ವರ್ಷ ನೋಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಸಾಮಾನ್ಯ ಸಲಹೆಯಷ್ಟೇ ಸಿಕ್ಕ ಗುಂಪಿನಲ್ಲಿ ನೂರಕ್ಕೆ 55 ಜನರಿಗೆ ಕಾಯಿಲೆ ಬಂತು. ನಡಿಗೆ ಮತ್ತು ಊಟದ ಬದಲಾವಣೆಗೆ ನಿರಂತರ ಬೆಂಬಲ ಸಿಕ್ಕ ಗುಂಪಿನಲ್ಲಿ 39ರಷ್ಟು. ಈ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತೂಕ ಇಳಿಯದೆಯೂ ಕಾಯಿಲೆ ದೂರ ಸರಿಯಿತು! ಈ ಒಂದು ಸಂಗತಿಯನ್ನು ನಮ್ಮ ಪ್ರತಿ ಆಸ್ಪತ್ರೆಯ ಗೋಡೆಯ ಮೇಲೆ ಬರೆಸಿ ಹಾಕಬೇಕು ಎಂದು ನನಗೆ ಅನ್ನಿಸುತ್ತದೆ. ತೂಕವನ್ನೇ ಏಕೈಕ ನ್ಯಾಯಾಧೀಶನನ್ನಾಗಿ ಕೂರಿಸಿದ್ದರೆ ಆ ಜನರೆಲ್ಲ ಸೋತವರ ಪಟ್ಟಿಗೆ ಸೇರುತ್ತಿದ್ದರು.

ಎರಡನೆಯ ಆಕ್ಷೇಪ ಗೆದ್ದವರ ಕಡೆಗೆ ಬೆರಳು ತೋರಿಸುತ್ತದೆ. ಅವರು ಇಳಿಸಲಿಲ್ಲವೇ, ನಿಮಗೇಕೆ ಆಗದು? ಅಮೆರಿಕದಲ್ಲಿ 1994ರಲ್ಲಿ ಇಂಥವರ ನೋಂದಣಿಯೇ ಆರಂಭವಾಯಿತು. 13 ಕಿಲೋಗಿಂತ ಹೆಚ್ಚು ಇಳಿಸಿ ಒಂದು ವರ್ಷವಾದರೂ ಹಾಗೆಯೇ ಉಳಿಸಿಕೊಂಡ ಹತ್ತು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ಮೈ ಆಡಿಸುತ್ತಾರೆ, ವಾರದ ದಿನಕ್ಕೂ ಭಾನುವಾರಕ್ಕೂ ಊಟದಲ್ಲಿ ಹೆಚ್ಚು ವ್ಯತ್ಯಾಸ ಮಾಡಿಕೊಳ್ಳುವುದಿಲ್ಲ. ಇದು ಉಪಯುಕ್ತ ಮಾಹಿತಿ. ಆದರೆ ಗೆದ್ದವರೇ ಹೆಸರು ಬರೆಸಿದ ಪಟ್ಟಿಯಿಂದ, ಅವರಷ್ಟೇ ಪ್ರಯತ್ನಪಟ್ಟು ಸೋತವರು ಎಷ್ಟು ಮಂದಿ ಎಂದು ತಿಳಿಯುವುದಿಲ್ಲ. ಗೆದ್ದವರು ಮನಸ್ಸನ್ನು ಹಿಡಿದು ಕಟ್ಟಿ ಗೆದ್ದರು ಎಂಬುದಕ್ಕೂ ಆಧಾರವಿಲ್ಲ. 2012ರಲ್ಲಿ ಜರ್ಮನಿಯ 205 ಜನರಿಗೆ ದಿನಕ್ಕೆ ಹಲವು ಬಾರಿ ಸಂದೇಶ ಕಳಿಸಿ, ಈಗ ಯಾವ ಆಸೆ ಎದ್ದಿದೆ, ಅದನ್ನು ತಡೆಯಲು ಹೆಣಗುತ್ತಿದ್ದೀರಾ ಎಂದು ಕೇಳಲಾಯಿತು. ಸಂಯಮಿಗಳೆಂದು ಹೆಸರಾದವರು ಆಸೆಗಳೊಂದಿಗೆ ಹೆಚ್ಚು ಹೋರಾಡುತ್ತಿರಲಿಲ್ಲ, ಉಳಿದವರಿಗಿಂತ ಕಡಿಮೆಯೇ ಹೋರಾಡುತ್ತಿದ್ದರು. ಅವರ ಬದುಕಿನ ಏರ್ಪಾಡೇ ಹಾಗಿತ್ತು, ಪ್ರಲೋಭನೆ ಎದುರಾಗುವುದೇ ಅಪರೂಪವಾಗಿತ್ತು. ಹೊರಗೆ ಸಂಯಮವಾಗಿ ಕಾಣುವುದರ ಬಹುಪಾಲು ಒಳಗೆ ರೂಢಿಯೇ. ಒಂದು ರೂಢಿ ನೆಲೆಯೂರಲು 21 ದಿನ ಸಾಕು ಎಂದು ಪ್ರಚಾರವಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದಕ್ಕೆ ತಗಲುವ ಕಾಲ 18 ದಿನದಿಂದ 254 ದಿನದವರೆಗೆ ಹರಡಿಕೊಂಡಿತ್ತು, ನಡುವಣ ಅಂದಾಜು 66. ಒಂದು ದಿನ ತಪ್ಪಿದರೆ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಮನೋಬಲವಾದಿಗಳ ಲೆಕ್ಕದಲ್ಲಿ ಮಾತ್ರ ಒಂದು ದಿನ ತಪ್ಪಿದರೆ ವ್ರತಭಂಗ. ಹಬ್ಬದ ದಿನ ಎರಡು ಹೋಳಿಗೆ ತಿಂದವರು ಹೇಗೂ ಕೆಟ್ಟಿತಲ್ಲ ಎಂದು ಮರುದಿನದಿಂದ ಎಲ್ಲವನ್ನೂ ಕೈಬಿಡುವುದು ಈ ವ್ರತದ ಮನಸ್ಥಿತಿಯಿಂದಲೇ.

ರೂಢಿಗೆ ಬೇಕಾದದ್ದು ದಿನವೂ ಅದೇ ಹೊತ್ತು, ಅದೇ ಜಾಗ, ಅಡ್ಡಿಯಿಲ್ಲದ ದಾರಿ. ಇವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು, ಬಸ್ಸಿಗೆ ಕಾದು, ಮನೆಗೆ ಬಂದು ಒಲೆ ಹೊತ್ತಿಸುವ ಹೆಣ್ಣುಮಗಳಿಗೆ ಬೆಳಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗಿ ಎಂದು ಹೇಳುವುದು ಆಕೆಯ ನಿದ್ದೆಯನ್ನೇ ಕೇಳಿದಂತೆ. ಹೋಗಲು ಬೀದಿಯಲ್ಲಿ ದೀಪವಿದೆಯೇ, ಫುಟ್‌ಪಾತ್ ಇದೆಯೇ, ನಾಯಿಗಳ ಹಿಂಡಿಲ್ಲವೇ, ಒಂಟಿಯಾಗಿ ನಡೆದರೆ ಮಾತು ಬರುವುದಿಲ್ಲವೇ? ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಲೆಕ್ಕ ಹಾಕಿದಂತೆ ಭಾರತದಲ್ಲಿ ಬೇಕಾದಷ್ಟು ಮೈ ಆಡಿಸದ ಹೆಂಗಸರು ನೂರಕ್ಕೆ 57, ಗಂಡಸರು 42. ಈ ಅಂತರ ಹೆಂಗಸರ ಸೋಮಾರಿತನದ್ದು ಎಂದು ಹೇಳುವ ಧೈರ್ಯ ಯಾರಿಗಿದೆ? ಮನೆಯವರು ರಾತ್ರಿಯ ಪಾತ್ರೆ ತೊಳೆಯುವ ಕೆಲಸ ಹಂಚಿಕೊಂಡು ಆಕೆಗೆ ಅರ್ಧ ಗಂಟೆ ಬಿಡಿಸಿಕೊಟ್ಟರೆ, ಊಟದ ಹೊತ್ತನ್ನು ಹತ್ತರಿಂದ ಎಂಟಕ್ಕೆ ತಂದರೆ, ತಿಂಗಳ ದಿನಸಿಯ ಚೀಟಿಯಿಂದ ಬಿಸ್ಕತ್ತು ಕುರುಕಲುಗಳನ್ನು ತೆಗೆದರೆ ಆಗುವ ಲಾಭ ಹತ್ತು ಉಪದೇಶಗಳಿಂದ ಆಗುವುದಿಲ್ಲ. ಇವು ಮನೆ ಮಂದಿಯೆಲ್ಲ ಸೇರಿ ಮಾಡುವ ಏರ್ಪಾಡುಗಳು. ಡಬ್ಬಿಯಲ್ಲಿ ಇಲ್ಲದ ಚಕ್ಕುಲಿಯನ್ನು ತಿನ್ನದಿರಲು ಯಾರಿಗೂ ಮನೋಬಲ ಬೇಡ.

ಕೊನೆಯ ಆಕ್ಷೇಪ ನೀತಿಯದು. ಹೀಗೆಲ್ಲ ಹೇಳಿದರೆ ಜನ ಜವಾಬ್ದಾರಿ ಕಳಚಿಕೊಳ್ಳುತ್ತಾರೆ, ಸ್ವಲ್ಪ ನಾಚಿಕೆ, ಸ್ವಲ್ಪ ಭಯ ಇದ್ದರೇ ಮನುಷ್ಯ ಬದಲಾಗುವುದು ಎನ್ನುವವರಿದ್ದಾರೆ. ಆರು ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ನಾಲ್ಕು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದಕ್ಕೆ ವಿರುದ್ಧ. ಮೊದಲು ಬೊಜ್ಜು ಇರದವರ ಪೈಕಿ, ತೂಕದ ಕಾರಣಕ್ಕೆ ಇತರರು ಕೀಳಾಗಿ ಕಂಡ ಅನುಭವ ಇದ್ದವರು ಮುಂದೆ ಬೊಜ್ಜಿಗೆ ತುತ್ತಾಗುವ ಸಂಭವ ಎರಡೂವರೆ ಪಟ್ಟು ಹೆಚ್ಚಿತ್ತು. ಹೀಯಾಳಿಸಿಕೊಂಡವರು ಪಾರ್ಕಿಗೆ ಹೋಗುವುದಿಲ್ಲ, ವೈದ್ಯರ ಬಳಿಗೂ ಹೋಗುವುದಿಲ್ಲ, ಯಾರೂ ನೋಡದಾಗ ತಿನ್ನುತ್ತಾರೆ. ಇನ್ನು ಹೊಸ ಔಷಧಗಳು ಈ ವಾದದ ಬುಡವನ್ನೇ ಅಲ್ಲಾಡಿಸಿವೆ. ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದು ಕರುಳಿನ ಹಾರ್ಮೋನೊಂದನ್ನು ಅನುಕರಿಸಿ ಹಸಿವನ್ನು ತಗ್ಗಿಸುತ್ತದೆ. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 68 ವಾರಕ್ಕೆ ಸರಾಸರಿ ಶೇಕಡಾ 15ರಷ್ಟು ತೂಕ ಇಳಿಯಿತು. ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದದ್ದರಲ್ಲಿ ಮೂರನೇ ಎರಡು ಪಾಲು ಮರಳಿತು. ವಾರಕ್ಕೊಂದು ಚುಚ್ಚುಮದ್ದು ಯಾರಿಗೂ ಚಾರಿತ್ರ್ಯ ಕೊಡಲಾರದು, ಅದನ್ನು ನಿಲ್ಲಿಸಿದಾಗ ಯಾರ ಚಾರಿತ್ರ್ಯವೂ ಹೋಗಲಾರದು. ಏರಿಳಿದದ್ದು ಹಸಿವು. ಔಷಧವೇ ಎಲ್ಲರಿಗೂ ಉತ್ತರ ಎಂದು ಇದರ ಅರ್ಥವಲ್ಲ. ಅದರ ಬೆಲೆ, ಅಡ್ಡಪರಿಣಾಮ, ಜೀವನಪೂರ್ತಿ ಬೇಕಾಗುವುದು ಇವೆಲ್ಲ ಗಂಭೀರ ಪ್ರಶ್ನೆಗಳು. ಬೇಕಾದವರಿಗೆ ವೈದ್ಯರು ಬರೆಯಲಿ, ತೆಗೆದುಕೊಂಡವರನ್ನು ಅಡ್ಡದಾರಿ ಹಿಡಿದವರಂತೆ ಯಾರೂ ನೋಡದಿರಲಿ.

ಹೊಣೆಯನ್ನು ಯಾರ ಮೇಲಿಂದಲೂ ಇಳಿಸಬೇಕೆಂಬುದು ನನ್ನ ವಾದವಲ್ಲ. ಇಷ್ಟು ದಿನ ಒಬ್ಬರ ಹೆಗಲ ಮೇಲೇ ಇದ್ದದ್ದನ್ನು ಹೊರಬೇಕಾದ ಬೇರೆಯವರೂ ಇದ್ದಾರೆ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಂಭಾಗಕ್ಕೆ ಕಪ್ಪು ಎಚ್ಚರಿಕೆ ಮುದ್ರೆ ಹಾಕಿಸಿತು, ಮಕ್ಕಳಿಗೆ ಅವುಗಳ ಜಾಹೀರಾತು ತೋರಿಸುವುದನ್ನೂ ಶಾಲೆಯಲ್ಲಿ ಮಾರುವುದನ್ನೂ ತಡೆಯಿತು. ಅಲ್ಲಿ ಸಿಹಿ ಪಾನೀಯಗಳ ಖರೀದಿ ಸುಮಾರು ಶೇಕಡಾ 24 ಇಳಿಯಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ತಂದ ಕರಡಿನಲ್ಲಿ ಎಚ್ಚರಿಕೆಯ ಬದಲು ನಕ್ಷತ್ರಗಳಿದ್ದವು, ಅದೂ ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು. ಎಣ್ಣೆ ಕಡಿಮೆ ಮಾಡಿ ಎಂದು ಗೃಹಿಣಿಗೆ ಹೇಳಲು ಒಂದು ಭಾಷಣ ಸಾಕು. ಕಂಪನಿಗಳ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಸಲು ಸರ್ಕಾರಕ್ಕೇ ಮನೋಬಲ ಬೇಕು. ನಮ್ಮ ಪಡಿತರದಲ್ಲಿ ಅಕ್ಕಿಯ ಪಾಲಿನ ಜೊತೆಗೆ ಬೇಳೆಕಾಳು ನಿಯಮಿತವಾಗಿ ಸೇರಬೇಕು. ಶಾಲೆಯ ಬಿಸಿಯೂಟದ ಮೊಟ್ಟೆಗೆ ಅಡ್ಡಿಮಾಡುವುದು ನಿಲ್ಲಬೇಕು. ವಾರ್ಡಿನ ರಸ್ತೆಗೆ ಹಣ ಬಿಡುಗಡೆಯಾದಾಗ ನಡೆಯುವವರ ಜಾಗ ಮೊದಲು ನಿಗದಿಯಾಗಬೇಕು.

ವೈದ್ಯರ ಕೊಠಡಿಯಲ್ಲಂತೂ ನಾಳೆಯಿಂದಲೇ ಬದಲಾವಣೆ ಸಾಧ್ಯ, ಅದಕ್ಕೆ ಯಾವ ಕಾಯಿದೆಯೂ ಬೇಡ. ತೂಕದ ಯಂತ್ರ ಹತ್ತಿಸುವ ಮೊದಲು ಎಷ್ಟು ಗಂಟೆ ಮಲಗುತ್ತೀರಿ, ಅಡುಗೆ ಯಾರು ಮಾಡುತ್ತಾರೆ, ರಾತ್ರಿ ಊಟ ಎಷ್ಟು ಹೊತ್ತಿಗೆ, ನಡೆಯಲು ಜಾಗವಿದೆಯೇ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಬೇಕು. ಥೈರಾಯಿಡ್ ನೋಡಬೇಕು, ಹೆಣ್ಣುಮಕ್ಕಳಲ್ಲಿ ಪಿ.ಸಿ.ಒ.ಡಿ. ಇದೆಯೇ ನೋಡಬೇಕು. ಕೆಲವು ಮಾತ್ರೆಗಳೇ ತೂಕ ಏರಿಸುತ್ತವೆ ಎಂದು ರೋಗಿಗೆ ತಿಳಿಸಬೇಕು. ಚೀಟಿಯಲ್ಲಿ ಕಿಲೋಗಳ ಗುರಿ ಬರೆಯುವ ಬದಲು ಈ ತಿಂಗಳು ಸಾಧ್ಯವಾಗುವ ಒಂದೇ ಒಂದು ಏರ್ಪಾಡನ್ನು, ರೋಗಿಯ ಮನೆಯವರನ್ನೂ ಕೂರಿಸಿಕೊಂಡು, ಬರೆಯಬೇಕು. ಮೂರು ತಿಂಗಳ ನಂತರ ಸೊಂಟದ ಸುತ್ತಳತೆ, ಬಿ.ಪಿ., ಮೂರು ತಿಂಗಳ ಸಕ್ಕರೆಯ ಸರಾಸರಿ, ಮೆಟ್ಟಿಲು ಹತ್ತಿದಾಗಿನ ಏದುಸಿರು ಇವೆಲ್ಲವನ್ನೂ ಹಿಂದಿನದಕ್ಕೆ ಹೋಲಿಸಿ ನೋಡಬೇಕು. ಅಷ್ಟರಲ್ಲಿ ತೂಕ ಒಂದು ಕಿಲೋ ಕೂಡ ಇಳಿಯದೆ ಉಳಿದದ್ದೆಲ್ಲ ಸುಧಾರಿಸಿದ್ದರೆ, ನಿಮ್ಮ ನಡಿಗೆ ಕೆಲಸ ಮಾಡುತ್ತಿದೆ ಎಂದು ರೋಗಿಗೆ ಬಾಯಿಬಿಟ್ಟು ಹೇಳಬೇಕು. ಯಾರೂ ಹೇಳದಿದ್ದರೆ ಅವರು ಯಂತ್ರದ ಮುಳ್ಳನ್ನು ನೋಡಿ, ಸೋತೆ ಎಂದುಕೊಂಡು, ಮರುದಿನದಿಂದ ನಡೆಯುವುದನ್ನೇ ಬಿಟ್ಟುಬಿಡುತ್ತಾರೆ.